ಉಲ್ಟಾ ಪದ ಕಲಿಸಿದ ನಾಲ್ಕು ತಿಂಗಳು

ಮೈಸೂರಿನಲ್ಲಿರುವ ನನ್ನ ತಂಗಿ ಎರಡನೆಯ ಸಲ ಬಸಿರಾದಾಗ, ಐದನೆಯ ತಿಂಗಳಿಗೇ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದುಬಿಟ್ಟರು. ಅವಳ ಅತ್ತೆಗೆ ಮಂಡಿನೋವು, ಗಂಡನಿಗೆ ಶಿಫ್ಟ್ ಕೆಲಸ. ಮೂರೂವರೆ ವರ್ಷದ ಮಗಳನ್ನು ನೋಡಿಕೊಳ್ಳುವವರು ಯಾರು? ಚಾಮರಾಜಪೇಟೆಯ ನಮ್ಮ ಮಹಡಿ ಮನೆಯಲ್ಲಿ ನಾನು, ನನ್ನ ಗಂಡ, ಇಬ್ಬರೇ. ಮದುವೆಯಾಗಿ ಹದಿಮೂರು ವರ್ಷ ಕಳೆದಿತ್ತು. ಮಗುವಿಗಾಗಿ ಆಸ್ಪತ್ರೆ ಆಸ್ಪತ್ರೆ ಅಲೆದ ಫೈಲನ್ನು ಬೀರುವಿನ ಮೇಲೆ ಎತ್ತಿಟ್ಟು ಸುಮ್ಮನಾಗಿದ್ದೆವು. "ಅಕ್ಕಾ, ಇವಳನ್ನ ಸ್ವಲ್ಪ ದಿನ ಇಟ್ಕೋತೀಯಾ?" ಎಂದು ತಂಗಿ ಫೋನಿನಲ್ಲಿ ಕೇಳಿದಾಗ, ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದಿದ್ದೆ.

ಸಂಕ್ರಾಂತಿ ಕಳೆದ ವಾರ ಮಗು ಬಂತು. ಜೊತೆಗೆ ತಂಗಿಯ ಒಂದು ಕೋರಿಕೆಯೂ ಬಂತು. "ಜೂನ್‌ಗೆ ಸ್ಕೂಲಿಗೆ ಸೇರಿಸ್ಬೇಕು. ಅದಕ್ಕೆ ಮುಂಚೆ ಮೇಡಂ ಏನೇನೋ ಕೇಳ್ತಾರಂತೆ. ಬಣ್ಣ, ಹಣ್ಣು ಎಲ್ಲಾ ಹೇಳ್ತಾಳೆ. ವಿರುದ್ಧ ಪದ ಒಂದು ಬರಲ್ಲ. ಕಲಿಸ್ಬಿಡಕ್ಕ."

ವಿರುದ್ಧ ಎನ್ನುವುದೇ ಅವಳ ನಾಲಿಗೆಗೆ ಹೊರಳಲಿಲ್ಲ. "ವಿಲುದ್ದ" ಎನ್ನುತ್ತಿದ್ದಳು. "ಉಲ್ಟಾ ಅಂತ ಹೇಳ್ಕೊಡೇ, ಸಾಕು" ಎಂದರು ನನ್ನವರು. ಅಂದಿನಿಂದ ಅದು ಉಲ್ಟಾ ಪಾಠವಾಯಿತು.

ನಾನು ಚಿಕ್ಕಪೇಟೆಯ ಅಂಗಡಿಗಳಿಂದ ರೇಷ್ಮೆ ಸೀರೆ ತಂದು ಮನೆಯಲ್ಲೇ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಮೊದಲು ಒಂದು ಚಿತ್ರಪಟ ತಂದು ಆನೆ ದೊಡ್ಡದು, ಇರುವೆ ಚಿಕ್ಕದು ಎಂದು ತೋರಿಸಿದೆ. ಅವಳು ಇರುವೆಯನ್ನೇ ನೋಡುತ್ತಾ, "ಪಾಪ, ಆನೆ ತುಳಿಯತ್ತೆ" ಎಂದು ಮುಖ ಸಪ್ಪಗೆ ಮಾಡಿದಳು. ಪಟ ಸುತ್ತಿಟ್ಟೆ. ನನ್ನ ಪಕ್ಕದಲ್ಲಿ ಕೂರಿಸಿಕೊಂಡು ದಾರ ಕೈಗೆ ಕೊಟ್ಟೆ. ಉದ್ದದ್ದು ಈ ಡಬ್ಬಿಗೆ, ಗಿಡ್ಡದ್ದು ಆ ಡಬ್ಬಿಗೆ. ಗಂಟು ಬಿಗಿ, ಗಂಟು ಸಡಿಲ. ಸೀರೆಯ ಒಳಮೈ, ಹೊರಮೈ. ಎರಡು ವಾರದಲ್ಲಿ ಎಲ್ಲಾ ಬಂದುಬಿಟ್ಟಿತು. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಅವಳೇ ಪ್ರಶ್ನೆ ಹಾಕಿದಳು.

"ದೊಡ್ಡಪ್ಪಾ, ಇಡ್ಲಿಗೆ ಉಲ್ಟಾ ಏನು?"

"ಇಡ್ಲಿಗೆ ಉಲ್ಟಾ ಇಲ್ಲ ಪುಟ್ಟಿ."

"ಇದೆ. ದೋಸೆ!"

ಇವರು ಅದನ್ನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದರು. ಭಾನುವಾರಗಳಲ್ಲಿ ಪಾಠ ಹೊರಗೆ ನಡೆಯುತ್ತಿತ್ತು. ಬಸವನಗುಡಿಯಲ್ಲಿ ದೊಡ್ಡ ಗಣೇಶನ ಮುಂದೆ ನಿಂತು "ಚಿಕ್ಕ ಗಣೇಶ ಎಲ್ಲಿ?" ಎಂದು ಹಟ ಹಿಡಿದಳು. ಸೀರೆ ಕೊಡಲು ಹೋದಾಗ ಚಿಕ್ಕಪೇಟೆ ಮೆಟ್ರೋದ ಎಸ್ಕಲೇಟರ್ ಮೇಲೆ "ಮೇಲೇ" ಎಂದು ಕೂಗಿಕೊಂಡು ಹತ್ತಿ, ಇಳಿಯುವಾಗ ಹೆದರಿ ಇವರ ಕುತ್ತಿಗೆಗೆ ಜೋತುಬಿದ್ದಳು. ಇವರಿಗೆ ಸೊಂಟನೋವು. ಆದರೂ ಆ ದಿನ ಮನೆಯವರೆಗೂ ಅವಳನ್ನು ಕೆಳಗಿಳಿಸಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ನಿದ್ದೆಯಿಂದ ಎದ್ದು ಬಂದವಳು ಹಿಂದಿನಿಂದ ನನ್ನ ಕುತ್ತಿಗೆ ತಬ್ಬಿ, ಬೆವೆತ ಕೆನ್ನೆಯನ್ನು ನನ್ನ ಬೆನ್ನಿಗೊತ್ತಿ, "ಅಮ್ಮಾ, ನೀರು" ಎಂದಳು.

ಕೈಯಲ್ಲಿದ್ದ ಕುಚ್ಚು ಕೈಯಲ್ಲೇ ನಿಂತಿತು. ದೊಡ್ಡಮ್ಮ ಕಣೇ ಎನ್ನಬೇಕಿತ್ತು. ನಾನು ಎದ್ದು ನೀರು ಕೊಟ್ಟೆ, ಅಷ್ಟೇ.

ಮಾರನೆಯ ದಿನವೂ ಹಾಗೇ ಕರೆದಳು. ಆಮೇಲೆ ಅದೇ ರೂಢಿಯಾಯಿತು. "ತಿದ್ದಲ್ವೇನೇ?" ಎಂದು ಇವರು ಕೇಳಿದರು. "ತಾನೇ ಬಿಡ್ತಾಳೆ ಬಿಡಿ" ಎಂದೆ. ಬಿಡುವುದು ನನಗೆ ಬೇಕಿರಲಿಲ್ಲ. ತಂಗಿಯ ವೀಡಿಯೋ ಕಾಲ್ ಬಂದಾಗಲೆಲ್ಲ, ಆ ಕರೆ ಅವಳ ಕಿವಿಗೆ ಬೀಳದಿರಲೆಂದು, ಮಗುವಿನ ಬಾಯಿಗೆ ಬಾಳೆಹಣ್ಣಿನ ಚೂರು ಇಟ್ಟು ಕೂರಿಸುತ್ತಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ಸಂಜೆ ತಂಗಿಯ ಜೊತೆ ಮಾತಾಡುತ್ತಿದ್ದವಳು ಥಟ್ಟನೆ ನನ್ನ ಕಡೆ ತಿರುಗಿ, "ಅಮ್ಮಾ, ಫೋನ್ ಹಿಡ್ಕೋ, ಕೈ ನೋಯ್ತಿದೆ" ಎಂದಳು.

ಫೋನಿನಲ್ಲಿ ತಂಗಿಯ ಮುಖ ಕಂಡಿತು. ದಿಂಬಿನ ಮೇಲೆ ಕೆದರಿದ ಕೂದಲು, ಒಣಗಿದ ತುಟಿ. "ಇರ್ಲಿ ಬಿಡಕ್ಕ. ಹತ್ರ ಇರೋರನ್ನೇ ತಾನೆ ಮಗು ಕರ್ಯೋದು" ಎಂದು ಗೋಡೆ ಕಡೆ ಮಗ್ಗುಲಾದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ತಂಗಿಯನ್ನು ನೋಯಿಸಿದೆನಲ್ಲ ಎಂದು ಅತ್ತೆನೋ, ಆ ಕರೆ ಇನ್ನು ನಿಲ್ಲುತ್ತದಲ್ಲ ಎಂದು ಅತ್ತೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಮಾರನೆಯ ಬೆಳಿಗ್ಗೆ ತಂಗಿಯ ಫೋಟೋ ತೆಗೆದು ಮಗುವಿನ ಮುಂದಿಟ್ಟೆ.

"ಇದ್ಯಾರು?"

"ಅಮ್ಮ."

"ಅಮ್ಮ ಎಲ್ಲಿದಾಳೆ?"

"ದೂರ."

"ಮತ್ತೆ ನಾನ್ಯಾರು?"

ನನ್ನನ್ನೇ ನೋಡಿದಳು. "ನೀನು ಹತ್ರ."

"ನಾನು ದೊಡ್ಡಮ್ಮ ಪುಟ್ಟಿ."

ಫೋಟೋ ಕೈಗೆತ್ತಿಕೊಂಡು ಕೇಳಿದಳು: "ಅಮ್ಮಂಗೆ ಉಲ್ಟಾ ದೊಡ್ಡಮ್ಮನಾ?"

"ಅಲ್ಲ ಕಂದ. ಇಬ್ರೂ ನಿನ್ನೋರೇ. ಆದ್ರೆ ಅಮ್ಮ ಅಂತ ಅವಳನ್ನ ಮಾತ್ರ ಕರೀಬೇಕು."

ದಿನಾ ಬೆಳಿಗ್ಗೆ, ಹಾಲು ಕುಡಿಸುವಾಗ, ಇದೇ ಪಾಠ. ತಪ್ಪಿ ಅಮ್ಮಾ ಎಂದರೆ ಓಗೊಡದೆ ಕೂರುತ್ತಿದ್ದೆ. ಅವಳು ಎರಡು ಸಲ, ಮೂರು ಸಲ ಕರೆದು, ಆಮೇಲೆ ನೆನಪಾಗಿ "ದೊಡ್ಡಮ್ಮಾ" ಎನ್ನುತ್ತಿದ್ದಳು. ಆಗ ತಿರುಗುತ್ತಿದ್ದೆ. ಯುಗಾದಿ ಹೊತ್ತಿಗೆ ನಾಲಿಗೆ ಪೂರ್ತಿ ತಿರುಗಿತ್ತು. ಚುರುಕು ಹುಡುಗಿ, ಎಲ್ಲವನ್ನೂ ಬೇಗ ಕಲಿಯುತ್ತಿದ್ದಳು.

ಮೇ ತಿಂಗಳಲ್ಲಿ ತಂಗಿಗೆ ಗಂಡುಮಗುವಾಯಿತು. ಇಬ್ಬರೂ ಸುಖವಾಗಿದ್ದರು. ಮಗಳನ್ನು ಕರೆದೊಯ್ಯಲು ಅವಳ ಅಪ್ಪ ಬಂದ ದಿನ, ಪಾಪು ನೋಡುವ ಸಡಗರದಲ್ಲಿ ಅವಳು ತಿಂಡಿಯನ್ನೇ ತಿನ್ನಲಿಲ್ಲ. ರೈಲು ಹೊರಟಾಗ ಕಿಟಕಿಯಿಂದ "ಟಾಟಾ ದೊಡ್ಡಮ್ಮಾ" ಎಂದು ಸ್ಪಷ್ಟವಾಗಿ ಕೂಗಿದಳು. ಎರಡು ವಾರದ ಮೇಲೆ ತಂಗಿ ಫೋನ್ ಮಾಡಿ ಸ್ಕೂಲಿನ ಸೀಟು ಸಿಕ್ಕಿತು ಎಂದಳು. ಮೇಡಂ ಹೆಸರು ಕೇಳಿ ಎರಡು ಬಣ್ಣ ತೋರಿಸಿದರಂತೆ. ವಿರುದ್ಧ ಪದ ಕೇಳಲೇ ಇಲ್ಲವಂತೆ.

ಈಗ ಅವಳಿಗೆ ಏಳು ವರ್ಷ. ಕಳೆದ ಬೇಸಿಗೆ ರಜೆಯಲ್ಲಿ ಎರಡು ದಿನ ಬಂದಿದ್ದಳು. ಉದ್ದ ಜಡೆ, ಮುಂದಿನ ಒಂದು ಹಲ್ಲು ಬಿದ್ದ ಬಾಯಿ. ನಾನು ಸೀರೆ ಹರಡಿಕೊಂಡು ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ದೊಡ್ಡಮ್ಮಾ, ನಾನು ಚಿಕ್ಕೋಳಿದ್ದಾಗ ಇಲ್ಲಿದ್ನಂತೆ, ಹೌದಾ?"

"ಹೌದು ಪುಟ್ಟಿ. ನಾಲ್ಕು ತಿಂಗಳು."

"ನಂಗೆ ಸ್ವಲ್ಪಾನೂ ನೆನಪಿಲ್ಲ. ಏನ್ ಮಾಡ್ತಿದ್ದೆ ಇಡೀ ದಿನ?"

"ಈ ಜಾಗದಲ್ಲೇ ಕೂತ್ಕೊತಿದ್ದೆ. ಒಂದಿನ ಮಧ್ಯಾಹ್ನ ನಿದ್ದೆಯಿಂದ ಎದ್ದು ಬಂದು..." ಎಂದು ತೊಡಗಿದೆ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಸೀಬೆಹಣ್ಣಿನ ಗಾಡಿಯವನು ಕೂಗಿದ. "ದೊಡ್ಡಪ್ಪಾ, ಬನ್ನಿ, ಬನ್ನಿ!" ಎಂದು ಅವಳು ಚಪ್ಪಲಿ ಹುಡುಕುತ್ತಾ ಓಡಿದಳು. ಅವಳು ಮೆಟ್ಟಿಲಿಳಿಯುವ ಸದ್ದು ಕೇಳುತ್ತಾ ನಾನು ಕೂತೇ ಇದ್ದೆ.