ಉಪವಾಸ ಕೆಡವಿದ ಕೋಶಗಳು

ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಬೆಲ್ಟು ಪಟಪಟ ಬಡಿಯತೊಡಗಿದರೆ ಶಿವಕುಮಾರಿಯ ಗಂಡ ಚಕ್ರಪಾಣಿಗೆ ಹಸಿವಾಗುತ್ತಿತ್ತು. "ಶಿವೂ, ತಿಂಡಿ ಏನೇ?" ಎಂದು ಹಾಸಿಗೆಯಿಂದಲೇ ಕೇಳುತ್ತಿದ್ದ. ಹಸಿವು ತಡೆಯದ ಮನುಷ್ಯ. ಆದರೂ ಸಂಜೆ ಅವಳು ಕೆಲಸದಿಂದ ಬರುವ ತನಕ ಒಬ್ಬನೇ ತಟ್ಟೆ ಹಾಕಿಕೊಂಡವನಲ್ಲ. ಈಗ ಗಿರಣಿ ಶುರುವಾದರೆ ಅವಳು ಸುಮ್ಮನೆ ಎದ್ದು ಕೂರುತ್ತಾಳೆ.

ಕಣ್ಣಾಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಅವಳು ಟೆಕ್ನಿಷಿಯನ್. ಕಸಿಗೆ ಒದಗದ ಕಾರ್ನಿಯಾಗಳು, ಕಣ್ಣಿನ ಮುಂದಿನ ಆ ಗಾಜಿನಂಥ ಪದರಗಳು, ಅಲ್ಲಿಗೆ ಬರುತ್ತವೆ. ಅವುಗಳ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಆಹಾರ ಹಾಕಿ ಕಾಪಾಡುವುದು ಅವಳ ಕೆಲಸ. ಗಾಯವಾದ ಕಣ್ಣು ತಿಳಿಯಾಗಿ ಕೂಡಿಕೊಳ್ಳುವುದೋ ಬಿಳಿ ಕಲೆ ಕಟ್ಟುವುದೋ ಎಂಬುದು ಕೋಶದೊಳಗೆ ಯಾವ ಜೀನ್ ಎಚ್ಚರವಾಯಿತು ಎನ್ನುವುದರ ಮೇಲಿದೆ. ಅದನ್ನು ಎಬ್ಬಿಸುವುದು ಬೆಳವಣಿಗೆಯ ಅಂಶ ಎಂಬ ಪ್ರೋಟೀನಿನ ಒಂದು ಹನಿ. ಆದರೆ ಹನಿ ಹಾಕುವ ಮುನ್ನ ಕೋಶಗಳನ್ನು ಒಂದು ರಾತ್ರಿ ಉಪವಾಸ ಕೆಡವಬೇಕು. ಹೊಟ್ಟೆ ತುಂಬಿದ ಕೋಶದಲ್ಲಿ ಜೀನ್‌ಗಳು ಆಗಲೇ ಎದ್ದಿರುತ್ತವೆ. ಹನಿ ಏನು ಮಾಡಿತೆಂದು ತಿಳಿಯುವುದಿಲ್ಲ.

ತಟ್ಟೆಯ ಮೇಲೆ ದಾನಿಯ ಹೆಸರು ಬರೆಯುವ ಪದ್ಧತಿಯಿಲ್ಲ. ಆದರೆ ಚಕ್ರಪಾಣಿ ಹೃದಯಾಘಾತದಿಂದ ತೀರಿಕೊಂಡ ವಾರ ಅಲ್ಲಿಗೆ ಬಂದದ್ದು ಒಂದೇ ಜೋಡಿ ಕಣ್ಣು. ಅವನ ಕಣ್ಣು ದಾನ ಕೊಟ್ಟು, ಕಸಿಗೆ ಆಗದಿದ್ದರೆ ಸಂಶೋಧನೆಗೆ ಇಟ್ಟುಕೊಳ್ಳಿ ಎಂದವಳೂ ಅವಳೇ. ವೈಕುಂಠ ಸಮಾರಾಧನೆ ಮುಗಿಸಿ ಕೆಲಸಕ್ಕೆ ಮರಳಿದಾಗ, ಮೈಕ್ರೋಸ್ಕೋಪಿನ ಕೆಳಗೆ ಆ ಕಣ್ಣಿನ ಕೋಶಗಳು ಉದ್ದುದ್ದ ಕೈ ಚಾಚಿ ಬೆಳೆಯುತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ.

ಪ್ರಯೋಗ ಕೆಟ್ಟಿತು. ಹನಿ ಹಾಕಿದ ತಟ್ಟೆಗೂ ಹಾಕದ ತಟ್ಟೆಗೂ ವ್ಯತ್ಯಾಸವೇ ಇರಲಿಲ್ಲ.

"ಏನ್ರೀ ಶಿವಕುಮಾರಿ, ನೈವೇದ್ಯ ಏನಾದ್ರೂ ಇಟ್ರಾ ಇವಕ್ಕೆ? ಒಳ್ಳೇ ಮದ್ವೆ ಮನೇಲಿ ಉಂಡ ಹಾಗಿವೆ!" ಎಂದು ವಿಜ್ಞಾನಿ ಶ್ರೀವಿದ್ಯಾ ನಕ್ಕರು.

"ಇಟ್ಟೆ ಮೇಡಂ. ಉಪವಾಸ ಕೆಡವೋಕೆ ಕೈ ಬರ್ಲಿಲ್ಲ. ನಮ್ಮ ಯಜಮಾನ್ರು ಅವು."

ಶ್ರೀವಿದ್ಯಾ ಕೈಗವಸು ಬಿಚ್ಚಿ ಕುರ್ಚಿ ಎಳೆದುಕೊಂಡರು. "ಮೊದ್ಲೇ ಹೇಳೋದಲ್ವಾ?"

"ಹೇಳಿದ್ರೆ ಬೇರೆಯವ್ರ ಕೈಗೆ ಕೊಡ್ತಿದ್ರಿ."

"ಇನ್ನು ಉಳಿದಿರೋದು ಒಂದೇ ಜೋಡಿ ತಟ್ಟೆ. ಜೀನ್ ನೋಡ್ಬೇಕಂದ್ರೆ ಕೋಶ ಒಡೀಲೇಬೇಕು, ಆಮೇಲೆ ಏನೂ ಉಳಿಯಲ್ಲ. ನೀವು ಬೇಡ ಅಂದ್ರೆ ಬಿಟ್ಬಿಡೋಣ."

"ಬಿಟ್ರೂ ಎಷ್ಟು ದಿನ ಇರ್ತಾರೆ? ಉಪಯೋಗಕ್ಕೆ ಬರ್ಲಿ ಅಂತ ತಾನೆ ಕೊಟ್ಟಿದ್ದು."

ಅವಳೇ ಕೂತು ಗುಲಾಬಿ ಬಣ್ಣದ ಆಹಾರವನ್ನು ಹೀರಿ ತೆಗೆದಳು. ಕೋಶಗಳನ್ನು ತೊಳೆದು, ಪೋಷಣೆಯಿಲ್ಲದ ಸಪ್ಪೆ ದ್ರವ ಹಾಕಿ, ತಟ್ಟೆಗಳನ್ನು ಇನ್‌ಕ್ಯುಬೇಟರಿನಲ್ಲಿಟ್ಟಳು. ಒಳಗೆ ಮೈಯಷ್ಟೇ ಬಿಸಿ. ಕೈ ಹೊರತೆಗೆಯಲು ತುಸು ಹೊತ್ತು ಹಿಡಿಯಿತು.

"ಬನ್ನಿ, ಕ್ಯಾಂಟೀನಲ್ಲಿ ಎರಡು ತುತ್ತು ತಿನ್ನೋಣ," ಎಂದರು ಶ್ರೀವಿದ್ಯಾ.

"ಬೇಡ ಮೇಡಂ." ಅವಳು ಬ್ಯಾಗು ಹೆಗಲಿಗೇರಿಸಿದಳು. "ನಾಳೆ ಹನಿ ಹಾಕೋವರೆಗೂ ನಂಗೂ ಬೇಡ. ದಿನಾ ಸಂಜೆ ನಂಗೋಸ್ಕರ ಹಸ್ಕೊಂಡು ಕಾಯ್ತಾ ಕೂತಿರೋರು, ಇದೊಂದ್ ರಾತ್ರಿ ನಾನು ಅವ್ರಿಗೋಸ್ಕರ ಹಸ್ಕೊಂಡಿರ್ತೀನಿ," ಎನ್ನುತ್ತಲೇ ಕಾರಿಡಾರಿನಲ್ಲಿ ನಡೆದುಬಿಟ್ಟಳು.