ತಪ್ಪು ಡ್ರೈವರ್‌ದಲ್ಲ

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ನಿವೃತ್ತಿಯಾದ ಮೇಲೆ ಬರುವ ಮೊದಲ ಕಾಯಿಲೆ ಸುಮ್ಮನೆ ಕೂರಲಾಗದಿರುವುದು. ನಮ್ಮ ಡ್ರೈವರ್‌ಗೂ ಅದು ಬಂತು. ಬೀದಿಯಲ್ಲಿ, ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಡ್ರೈವರ್ ಅಂತಲೇ. ಮನೆಗೆ ಬಂದ ಪೋಸ್ಟ್‌ಮ್ಯಾನ್ ಕೂಡ ಲಕೋಟೆಯ ಮೇಲಿನ ಹೆಸರು ನೋಡಿ, "ಇದು ಯಾರಪ್ಪಾ? ಓ, ಡ್ರೈವರ್ರಾ!" ಎನ್ನುತ್ತಿದ್ದ. ಬಸ್ಸು ಹೋಯಿತು, ಹೆಸರು ಉಳಿಯಿತು. ಮೊದಲ ತಿಂಗಳು ಅವನು ಮನೆಯ ಎಲ್ಲ ಬಾಗಿಲುಗಳ ಕೀಲಿಗೆ ಎಣ್ಣೆ ಬಿಟ್ಟ. ಎರಡನೆಯ ತಿಂಗಳು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಮೂರನೆಯ ತಿಂಗಳು ಹೆಂಡತಿ ಕೈ ಮುಗಿದು, "ರೀ, ನಿಮಗೊಂದು ಕೆಲಸ ಹುಡುಕ್ಕೊಳ್ಳಿ, ನಾನು ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿದೀನಿ" ಎಂದಳು.

ಕೆಲಸ ಹುಡುಕಿಕೊಟ್ಟವಳು ಮಗಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮಧ್ಯಾಹ್ನದ ಪಾಳಿಯವಳು. ಮುಚ್ಚಿಹೋದ ಒಂದು ವಿಡಿಯೋ ಸ್ಟುಡಿಯೋದಿಂದ ನಾಲ್ಕು ಹಳೆಯ ಗ್ರಾಫಿಕ್ಸ್ ಕಾರ್ಡ್ ತಂದು ಮೇಜಿನ ಮೇಲಿಟ್ಟಳು. "ಅಪ್ಪಾ, ಇವನ್ನ ಕಂಪ್ಯೂಟರಿಗೆ ಸೇರಿಸಿದ್ರೆ ಹಗಲೂ ರಾತ್ರಿ ಲೆಕ್ಕ ಬಿಡಿಸ್ತಾ ಇರುತ್ವೆ. ಬಿಡಿಸಿದ್ದಕ್ಕೆ ಕೂಲಿ ಅಂತ ಕ್ರಿಪ್ಟೋ ನಾಣ್ಯದ ಚೂರುಪಾರು ಬೀಳುತ್ತೆ. ಮೈನಿಂಗ್ ಅಂತಾರೆ."

"ಮೈನಿಂಗ್ ಅಂದ್ರೆ ಅಗೆಯೋದಲ್ವಾ? ಎಲ್ಲಿ ಅಗೀಬೇಕು?"

"ಎಲ್ಲೂ ಬೇಡ. ಹಿಂದಿನ ಕೋಣೆ ಸಾಕು."

ಹಿಂದಿನ ಕೋಣೆ ಬಟ್ಟೆ ಒಣಗಿಸುವ ಜಾಗ. ಡ್ರೈವರ್ ಹಳೆಯ ಚಪ್ಪಲಿ ಸ್ಟ್ಯಾಂಡನ್ನು ಕೊಯ್ದು ಚೌಕಟ್ಟು ಮಾಡಿದ. ನಾಲ್ಕು ಕಾರ್ಡುಗಳನ್ನು ಸಾಲಾಗಿ ನಿಲ್ಲಿಸಿ, ಉದ್ದದ ವೈರುಗಳಲ್ಲಿ ಕಂಪ್ಯೂಟರಿಗೆ ಸೇರಿಸಿ, ಸ್ವಿಚ್ಚು ಹಾಕಿದ. ಫ್ಯಾನುಗಳು ಗುಂಯ್ ಎಂದವು. ಬಸ್ಸು ನಿಲ್ದಾಣದಲ್ಲಿ ಇಂಜಿನ್ ಆರಿಸದೆ ನಿಂತಾಗ ಬರುವ ಸದ್ದೇ ಅದು. ಅವನ ಮುಖ ಅರಳಿತು. ಹೆಂಡತಿಯ ಮುಖ ಅರಳಿದ್ದು ಮಾರನೆಯ ದಿನ, ಒಣಗಲು ಎರಡು ದಿನ ಬೇಕಿದ್ದ ದಪ್ಪ ಹೊದಿಕೆ ಯಂತ್ರದ ಬಿಸಿಗೆ ಮಧ್ಯಾಹ್ನದೊಳಗೆ ಒಣಗಿದಾಗ. ನಾಣ್ಯ ಬೀಳುತ್ತೋ ಬಿಡುತ್ತೋ, ಇಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಳು. ಹೀಗೆ ನಾಲ್ಕು ತಿಂಗಳು ಸಂಸಾರ ಸುಸೂತ್ರವಾಗಿ ನಡೆಯಿತು.

ಒಂದು ಬುಧವಾರ ಬೆಳಿಗ್ಗೆ ಸದ್ದು ನಿಂತಿತು. ಮಗಳು ಹೋಗಿ ಪರದೆ ನೋಡಿದಳು. "ಅಪ್ಪಾ, ಡ್ರೈವರ್ ಪ್ರತಿಕ್ರಿಯಿಸ್ತಿಲ್ಲ ಅಂತ ಬರ್ತಿದೆ."

"ಇಲ್ಲೇ ಇದೀನಲ್ಲೇ, ಏನು ಹೇಳು!"

ಅಡುಗೆಮನೆಯಿಂದ ಹೆಂಡತಿ ಕೂಗಿದಳು. "ಮದುವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದೀನಿ, ಯಾರು ಕೇಳಿದಾರೆ?"

ಮಗಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ನಗು ನಿಂತ ಮೇಲೆ ವಿವರಿಸಿದಳು: ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ನಿಂತು ಕೆಲಸ ಮಾಡಿಸುವ ಒಂದು ಸಾಫ್ಟ್‌ವೇರ್ ಇದೆ, ಅದರ ಹೆಸರು ಡ್ರೈವರ್, ಅದು ಕೈಕೊಟ್ಟಿದೆ, ಅದನ್ನು ತೆಗೆದು ಬೇರೆ ಹಾಕಬೇಕು.

ಡ್ರೈವರ್‌ಗೆ ಎಲ್ಲಿಲ್ಲದ ಸಿಟ್ಟು ಬಂತು. "ಏನೇ ಆಗ್ಲಿ, ಮೊದಲು ಡ್ರೈವರ್ ತಲೆಗೇ ಕಟ್ಟೋದು! ಟೈರ್ ಪಂಕ್ಚರ್ ಆದ್ರೆ ಡ್ರೈವರ್, ಬಸ್ಸು ತಡ ಆದ್ರೆ ಡ್ರೈವರ್. ವೈರ್ ನೋಡಿದ್ಯಾ? ಕರೆಂಟ್ ನೋಡಿದ್ಯಾ? ತಪ್ಪು ಡ್ರೈವರ್‌ದಲ್ಲ, ಬರೆದಿಟ್ಕೋ!"

"ಅಯ್ಯೋ, ನಿಮ್ಮನ್ನಲ್ಲಪ್ಪಾ ಅಂದಿದ್ದು! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ಮಗಳು ತಮಾಷೆಗೆ ಅಂದದ್ದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ ತಟ್ಟನೆ ನಿಂತುಹೋಯಿತು. ಅದಕ್ಕೆ ಕಾರಣವಿತ್ತು.

ಎಂಟು ವರ್ಷದ ಹಿಂದೆ ಡ್ರೈವರ್‌ನ ಬಸ್ಸು ಪೇಟೆಯ ತಿರುವಿನಲ್ಲಿ ತಿರುಗದೆ, ಎದುರಿನ ಹಾಸಿಗೆ ಅಂಗಡಿಗೆ ನೆಟ್ಟಗೆ ನುಗ್ಗಿತ್ತು. ದೇವರು ದೊಡ್ಡವನು, ಒಬ್ಬರಿಗೂ ಗಾಯವಾಗಲಿಲ್ಲ. ಪ್ರಯಾಣಿಕರು ಹಾಸಿಗೆಗಳ ಮೇಲೆ ಕಾಲಿಟ್ಟು ಇಳಿದರು. ಒಬ್ಬ ಅಜ್ಜಿಯಂತೂ ಅಲ್ಲೇ ಸ್ವಲ್ಪ ಹೊತ್ತು ಮಲಗಿ ಸುಧಾರಿಸಿಕೊಂಡಳು. ಊರೆಲ್ಲ ನಕ್ಕಿತು. ಆದರೆ ವಿಚಾರಣೆ ನಗುವ ವಿಷಯವಲ್ಲ. ಬ್ರೇಕ್ ಹಿಡಿಯಲಿಲ್ಲ ಎಂದು ಡ್ರೈವರ್ ಹೇಳಿಕೆ ಕೊಟ್ಟ. ಆ ದಿನ ಬೆಳಿಗ್ಗೆ ಬ್ರೇಕ್ ಬಿಚ್ಚಿ ಕಟ್ಟಿ, ಪರೀಕ್ಷಿಸಿ ಸಹಿ ಹಾಕಿದ್ದ ಡಿಪೋ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಡ್ರೈವರ್‌ನ ಹೆಂಡತಿಯ ಒಡಹುಟ್ಟಿದ ತಮ್ಮ. ಅವನನ್ನು ಕೆಳಗಿನ ದರ್ಜೆಗೆ ಇಳಿಸಿದರು. ಅವನು ರಾಜೀನಾಮೆ ಬಿಸಾಕಿ ಹೋಗಿ ಸ್ವಂತ ಗ್ಯಾರೇಜು ಹಾಕಿದ. ಅಂದಿನಿಂದ ಅಕ್ಕನ ಮನೆಯ ಹೊಸ್ತಿಲು ತುಳಿದಿಲ್ಲ. ಅಕ್ಕ ತಮ್ಮನನ್ನು ನೋಡುವುದು ತರಕಾರಿ ಮಾರುಕಟ್ಟೆಯ ಹಿಂಬದಿಯಲ್ಲಿ, ಐದು ನಿಮಿಷ, ಚೀಲ ಕೈಯಲ್ಲಿ ಹಿಡಿದುಕೊಂಡೇ.

ಈಗ ಆ ತಮ್ಮ ಮನೆ ಕಟ್ಟಿಸಿದ್ದ. ಸೋಮವಾರ ಫೋನ್ ಮಾಡಿ, "ಭಾನುವಾರ ಹೊಸ ಮನೇಲಿ ಊಟ ಅಕ್ಕಾ, ನೀನು ಬಾ" ಎಂದಿದ್ದ. ನೀವು ಬನ್ನಿ ಎಂದಿರಲಿಲ್ಲ. ನೀನು ಬಾ. ಗಂಡನನ್ನು ಬಿಟ್ಟು ಹೋದರೆ ನಾಲ್ಕು ಜನ ಕೇಳುತ್ತಾರೆ. ಹೋಗದಿದ್ದರೆ ತಮ್ಮ ಮತ್ತೆಂದೂ ಕರೆಯುವುದಿಲ್ಲ. ಅವಳು ಯಾರಿಗೂ ಏನೂ ಹೇಳದೆ ಆ ಎರಡು ಪದಗಳನ್ನು ನುಂಗಿಕೊಂಡು ಓಡಾಡುತ್ತಿದ್ದಳು.

ಇತ್ತ ಡ್ರೈವರ್ ಹಿಂದಿನ ಕೋಣೆಯಲ್ಲಿ ಯುದ್ಧಕ್ಕೆ ನಿಂತಿದ್ದ. ಡಿಪೋದಲ್ಲಿ ಕಲಿತ ಪದ್ಧತಿಯಂತೆ ಯಂತ್ರದ ಸುತ್ತ ಒಂದು ಸುತ್ತು ಬಂದು, ಒಂದೊಂದನ್ನೂ ತಟ್ಟಿ ನೋಡಿದ. ಒಂದು ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ಟ್ರಿಪ್ ಶೀಟು ಮಾಡಿದ: ಹೊರಟ ಸಮಯ, ನಿಂತ ಸಮಯ, ಷರಾ. ಬುಧವಾರ ವೈರುಗಳ ಮೇಲೆ ಅನುಮಾನಪಟ್ಟು ನಾಲ್ಕನ್ನೂ ಬದಲಾಯಿಸಿದ. ಹನ್ನೊಂದು ನಿಮಿಷ ಓಡಿ ನಿಂತಿತು. ಗುರುವಾರ ಕಾರ್ಡುಗಳನ್ನು ಬಿಚ್ಚಿ ಬಣ್ಣದ ಬ್ರಶ್ಶಿನಿಂದ ಧೂಳು ಕೊಡವಿದ. ಒಂಬತ್ತು ನಿಮಿಷ. ಕರೆಂಟು ಕೊಡುವ ಪೆಟ್ಟಿಗೆಯನ್ನು ಬೈದು ಹೊಸದು ತಂದ. ಹದಿನಾಲ್ಕು ನಿಮಿಷ. ಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ನನ್ನು ಕರೆಸಿ ಜಗಳವಾಡಿದ. ಆ ಪುಣ್ಯಾತ್ಮ ಮೀಟರ್ ಹಿಡಿದು ಎಲ್ಲ ಸರಿ ಇದೆ ಎಂದು ತೋರಿಸಿ, ಕಾಫಿ ಕುಡಿದು ಹೋದ. ಕೊನೆಗೆ ಷರಾ ಕಾಲಮಿನಲ್ಲಿ "ಹೆಂಡತಿಯ ಒದ್ದೆ ಬಟ್ಟೆ" ಎಂದು ಬರೆದ. ಹೆಂಡತಿ ಅದನ್ನು ಓದಿ ಆ ದಿನ ಅವನಿಗೆ ಎರಡನೆಯ ಸಲ ಕಾಫಿ ಕೊಡಲಿಲ್ಲ.

"ಡ್ರೈವರ್ ಒಂದನ್ನ ಮಾತ್ರ ಯಾಕಪ್ಪಾ ಮುಟ್ತಿಲ್ಲ?" ಎಂದು ಮಗಳು ದಿನಕ್ಕೊಂದು ಸಲ ಕೇಳುತ್ತಿದ್ದಳು. "ತಪ್ಪು ಅವನದಲ್ಲ" ಎಂದು ಅವನು ದಿನಕ್ಕೊಂದು ಸಲ ಹೇಳುತ್ತಿದ್ದ.

ಶನಿವಾರ ಬೆಳಿಗ್ಗೆ ಮಗಳು ಆ ಟ್ರಿಪ್ ಶೀಟನ್ನು ಕೈಗೆತ್ತಿಕೊಂಡಳು. ಲ್ಯಾಬಿನ ಹುಡುಗಿ, ತಾರೀಖು ನೋಡದೆ ಏನನ್ನೂ ನಂಬುವವಳಲ್ಲ. "ನಾಲ್ಕು ತಿಂಗಳು ಚೆನ್ನಾಗಿ ಓಡಿದ್ದು ಬುಧವಾರದಿಂದ ಕೆಟ್ಟಿದೆ. ಹಾಗಾದ್ರೆ ಮಂಗಳವಾರ ಏನೋ ಆಗಿರ್ಬೇಕು" ಎಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಸಿಕ್ಕಿತು. ಮಂಗಳವಾರ ಅದು ಯಾರನ್ನೂ ಕೇಳದೆ ತಾನೇ ಹೊಸ ಡ್ರೈವರನ್ನು ಹಾಕಿಕೊಂಡಿತ್ತು. ಹೊಸದಕ್ಕೂ ಈ ಹಳೆಯ ಕಾರ್ಡುಗಳಿಗೂ ಸರಿಹೋಗುತ್ತಿಲ್ಲ. "ಒಂದೇ ಒಂದು ಸಲ ತೆಗೆದು ನೋಡ್ತೀನಿ. ಸುಳ್ಳಾದ್ರೆ ಒಂದು ವಾರ ಪಾತ್ರೆ ನಾನು ತೊಳೀತೀನಿ."

ಅವಳು ಮೊದಲು ಇಂಟರ್ನೆಟ್ ವೈರು ಕಿತ್ತಳು, ಯಂತ್ರ ಮತ್ತೆ ತಾನೇ ತಂದುಕೊಳ್ಳದಿರಲಿ ಎಂದು. ಹೊಸ ಡ್ರೈವರನ್ನು ಅದರ ಚೂರುಪಾರು ಸಹಿತ ಅಳಿಸಿದಳು. ಹಿಂದೆ ಇದ್ದ ಹಳೆಯದನ್ನೇ ಹಾಕಿದಳು. ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ಕೊನೆಗೆ ಇಂಟರ್ನೆಟ್ ಜೋಡಿಸಿದಳು. ಫ್ಯಾನುಗಳು ಗುಂಯ್ ಎಂದವು. ಹದಿನಾಲ್ಕು ನಿಮಿಷ ದಾಟಿತು. ಒಂದು ಗಂಟೆ ದಾಟಿತು. ಎರಡು ದಾಟಿದ ಮೇಲೆ ಡ್ರೈವರ್ ಮೀಸೆ ತಿರುವಿ, "ನೋಡಿದ್ಯಾ, ಹಳೇ ಡ್ರೈವರೇ ಕೊನೆಗೆ ಗತಿ ಆಗಿದ್ದು!" ಎಂದು ಗೆದ್ದವನ ಹಾಗೆ ನಕ್ಕ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಹೆಂಡತಿ ಒಣಗಿದ ಟವೆಲ್ ಮಡಚುತ್ತಾ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲೆ ರಾಶಿಬಿದ್ದ ಹಳೆಯ ವೈರುಗಳನ್ನು ನೋಡಿದಳು. "ಪಾಪ, ಮೂರು ದಿನ ಇವಕ್ಕೆ ಎಷ್ಟು ಬೈದ್ರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ವೈರಿಗೆ ಬಾಯಿಲ್ಲ ನೋಡಿ, ಅದಕ್ಕೇ ಸುಮ್ನಿತ್ತು."

ಡ್ರೈವರ್‌ನ ನಗು ಅರ್ಧಕ್ಕೆ ನಿಂತಿತು. ಅವನು ಸ್ಟೂಲಿನ ಮೇಲೆ ಕೂತ. ಮಗಳು ಏನಾಯಿತಪ್ಪಾ ಎಂದಳು. ಅವನು ಮಗಳನ್ನಲ್ಲ, ಹೆಂಡತಿಯನ್ನು ನೋಡಿದ.

"ಅವತ್ತು ಬ್ರೇಕ್ ಸರಿಯಾಗೇ ಇತ್ತು ಕಣೇ."

ಅವಳು ಟವೆಲ್ ಮಡಚುವುದನ್ನು ಬಿಟ್ಟು ಒಳಗೆ ಬಂದಳು.

"ಕಂಡಕ್ಟರ್‌ಗೆ ಒಂದು ಜೋಕ್ ಹೇಳ್ತಿದ್ದೆ. ಕೊನೆ ಮಾತು ಬಂದಾಗ ಅವನ ಮುಖ ನೋಡೋ ಆಸೆಯಾಗಿ ಹಿಂದೆ ತಿರುಗಿದೆ. ಅಷ್ಟೇ. ಈ ಕಡೆ ತಿರುಗೋಷ್ಟರಲ್ಲಿ ಹಾಸಿಗೆ ಅಂಗಡಿ ಎದುರಿಗಿತ್ತು." ಕಂಡಕ್ಟರ್ ಒಳ್ಳೆಯವನು, ಬಾಯಿ ಬಿಡಲಿಲ್ಲ. ವಿಚಾರಣೆಯ ಕೋಣೆಯಲ್ಲಿ ಮೂವರು ಅಧಿಕಾರಿಗಳು ಸಾಲಾಗಿ ಕೂತು ಕೇಳಿದಾಗ, ಕೆಲಸ ಹೋಗುತ್ತದೆಂಬ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಬ್ರೇಕ್. ಬ್ರೇಕ್‌ಗೇನು ಹೆಂಡತಿ ಮಕ್ಕಳಿಲ್ಲವಲ್ಲ ಎಂದುಕೊಂಡಿದ್ದ. ಅದಕ್ಕೊಂದು ಸಹಿ ಇದೆ, ಸಹಿಗೊಬ್ಬ ಯಜಮಾನ ಇದ್ದಾನೆ ಎಂಬುದು ಹೊಳೆಯುವಷ್ಟರಲ್ಲಿ ಹೇಳಿಕೆ ಟೈಪಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹೆಂಡತಿ ಅಳಲಿಲ್ಲ, ಸಿಡಿದಳು. "ಎಂಟು ವರ್ಷ! ನನ್ನ ತಮ್ಮನಿಗೆ ನಾನೇ ಬೈದಿದೀನಿ ಕಣ್ರೀ, ಸರಿಯಾಗಿ ನೋಡೋಕೆ ನಿಂಗೇನಾಗಿತ್ತು ಧಾಡಿ ಅಂತ. ನಾನು! ಅವನು ಒಂದು ಮಾತು ತಿರುಗಿ ಆಡ್ಲಿಲ್ಲ!" ಟವೆಲನ್ನು ಅವನ ಮೇಲೆ ಎಸೆದಳು. ಆಮೇಲೆ ಫೋನು ತಂದು ಅವನ ಕೈಗೆ ತುರುಕಿದಳು. "ಮಾಡಿ. ಈಗ್ಲೇ."

ಆ ಕಡೆಯಿಂದ ಮೆಕ್ಯಾನಿಕ್ ಎಲ್ಲವನ್ನೂ ಪೂರ್ತಿ ಕೇಳಿಸಿಕೊಂಡ.

"ಗೊತ್ತು ಭಾವ" ಎಂದ ಕೊನೆಗೆ. "ಬ್ರೇಕ್ ಕಟ್ಟಿದವನು ನಾನಲ್ವಾ, ನಂಗೊತ್ತಿಲ್ವಾ? ನಂಗೆ ಹೇಳಿ ಏನು ಪ್ರಯೋಜನ? ಗೊತ್ತಿಲ್ಲದವರಿಗೆ ಹೇಳಿ. ನಾಳೆ ಡಿಪೋದವರೆಲ್ಲ ಬರ್ತಾರೆ." ಅಷ್ಟು ಹೇಳಿ ಇಟ್ಟುಬಿಟ್ಟ.

ಭಾನುವಾರ ಮೂವರೂ ಹೊರಟರು. ಹೊಸ ಮನೆಯ ಗೋಡೆಗಳಿಗೆ ಇನ್ನೂ ಬಣ್ಣದ ವಾಸನೆಯಿತ್ತು. ನಡುಮನೆಯ ತುಂಬ ಡಿಪೋದ ಹಳೆಯ ಮುಖಗಳು: ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು, ಹಾಜರಿ ಬರೆಯುತ್ತಿದ್ದ ಗುಮಾಸ್ತ. ಐವತ್ತು ಜನ ಪ್ರಯಾಣಿಕರನ್ನು ಮಾತಿನಲ್ಲೇ ನಗಿಸುತ್ತಿದ್ದ ಡ್ರೈವರ್ ಗೋಡೆಗೆ ಒತ್ತಿಕೊಂಡು ನಿಂತ. ಸುಮ್ಮನೆ ಊಟ ಮಾಡಿ ಎದ್ದು ಹೋದರೂ ಯಾರೂ ಕೇಳುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಬೇಕು. ಪಕ್ಕದಲ್ಲಿ ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು.

ಅಷ್ಟರಲ್ಲಿ ಮೂಲೆಯಿಂದ ಗುಮಾಸ್ತ ಕೂಗಿದ. "ಬಂದ್ರಪ್ಪಾ ಡ್ರೈವರ್ರು! ಗೋಡೆ ಹೊಸದು, ದೂರ ನಿಲ್ಲಿ. ಇವತ್ತು ಬ್ರೇಕ್ ಸರಿಯಾಗಿದೆ ತಾನೇ?"

ನಡುಮನೆ ಪೂರ್ತಿ ನಕ್ಕಿತು. ತಟ್ಟೆಗಳ ರಾಶಿ ಹೊತ್ತು ಬರುತ್ತಿದ್ದ ಮೆಕ್ಯಾನಿಕ್ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ತಟ್ಟೆ ಎಣಿಸುವವನ ಹಾಗೆ ನಿಂತ. ಎಂಟು ವರ್ಷ ಈ ನಗುವನ್ನು ಅವನು ಹೀಗೇ ನಿಂತು ಕೇಳಿದ್ದಾನೆಂದು ಡ್ರೈವರ್‌ಗೆ ಆಗ ಗೊತ್ತಾಯಿತು, ಮತ್ತು ತುಂಬ ನಾಚಿಕೆಯಾಯಿತು.

"ಅವತ್ತೂ ಸರಿಯಾಗಿತ್ತು" ಎಂದ. ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೆಮ್ಮಿ, ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಹೇಳಿದ. "ಬ್ರೇಕ್ ಅವತ್ತೂ ಸರಿಯಾಗಿತ್ತು. ಇವನು ಕಟ್ಟಿದ್ದ ಬ್ರೇಕ್ ಯಾವತ್ತೂ ಕೈಕೊಟ್ಟಿಲ್ಲ. ನಾನು ಹರಟೆ ಹೊಡೀತಾ ಹಿಂದೆ ತಿರುಗಿದ್ದೆ, ಆಮೇಲೆ ಹೆದರಿ ಸುಳ್ಳು ಹೇಳ್ದೆ. ತಪ್ಪು ಡ್ರೈವರ್‌ದು. ನಂದು."

ಗುಮಾಸ್ತ ಕನ್ನಡಕ ತೆಗೆದು ಒರೆಸತೊಡಗಿದ. ಮೆಕ್ಯಾನಿಕ್ ತಟ್ಟೆಗಳನ್ನು ಮೇಜಿನ ಮೇಲಿಟ್ಟ. "ಭಾವ, ಊಟ ಆರ್ತಿದೆ, ಕೂತ್ಕೊಳ್ಳಿ" ಎಂದ. "ಅಕ್ಕಾ, ಭಾವನಿಗೆ ಬಡಿಸು."

ಅಕ್ಕ ಈಗ ಅಳುತ್ತಿದ್ದಳು, ಎಲ್ಲರೆದುರು, ಮುಚ್ಚುಮರೆಯಿಲ್ಲದೆ. ಕಣ್ಣೊರೆಸಿಕೊಂಡು ಒಂದು ತಟ್ಟೆ ಎತ್ತಿಕೊಂಡಳು, ತಮ್ಮನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಇವರು ಕಾಯ್ಲಿ. ಮೊದಲು ನೀನು ತಿನ್ನು."