ಹಳದಿ ನೂಲಿನ ಗಂಟು

ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು ನಾನು. ಯಡ್ರಾವ ಊರಿನ ವಿದ್ಯುತ್ ಮಗ್ಗದ ಶೆಡ್ಡುಗಳ ಸರ್ಕ್ಯೂಟ್ ಬೋರ್ಡ್ ರಿಪೇರಿ ನನ್ನ ಕಸುಬು. ಯಾರಾದರೂ ವಿಚಿತ್ರ ಸಂಗತಿ ಹೇಳಿದರೆ, ಇವರು ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಬಗ್ಗೆ ನೀವೂ ಹಾಗೇ ಅಂದುಕೊಂಡರೆ ಬೇಸರವಿಲ್ಲ.

ನಮ್ಮ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಕೀಬೋರ್ಡಿನೊಳಗೇ ಎಲ್ಲ ಅಡಗಿರುವ, ಟಿವಿಗೆ ಜೋಡಿಸುವ ಮಾದರಿ. ಚಿಕ್ಕವರಿದ್ದಾಗ ಅಣ್ಣ ಅದರಲ್ಲಿ ತಾನೇ ಆಟಗಳ ಪ್ರೋಗ್ರಾಂ ಬರೆಯುತ್ತಿದ್ದ. ಕೆಲವು ವರ್ಷಗಳ ಹಿಂದೆ ಅವನಿಗೆ ಪಾರ್ಶ್ವವಾಯು ಹೊಡೆದು ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಒಂದು ದಿನ ಅಟ್ಟದ ಕಡೆ ಕೈ ತೋರಿಸಿ, "ಅದನ್ನ ಚಾಲೂ ಮಾಡೋ" ಎಂದ. ಅಷ್ಟೇ.

ಹೆಣಗಿದೆ. ಉಬ್ಬಿದ ಕೆಪಾಸಿಟರುಗಳನ್ನು ಬದಲಿಸಿದೆ. ಚಿಪ್ಪುಗಳಿಗಾಗಿ ಕೊಲ್ಹಾಪುರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ. ಸತ್ತ ಮೆಮರಿ ತೆಗೆದು, ಹೆಚ್ಚು ಮೆಮರಿಯ ಹೊಸ ಬೋರ್ಡ್ ಕೂರಿಸಿ, ಮಗಳ ಆಕಾಶಬುಟ್ಟಿಯ ಹಸಿರು ವೈರು ಕತ್ತರಿಸಿ ಚಿಪ್ಪಿನ ಒಂದು ಪುಟ್ಟ ಲೋಹದ ಕಾಲಿಗೆ ಬೆಸೆದೆ. ಟೇಪ್ ಸಿಗದೆ ಆ ವೈರನ್ನು ಮಗ್ಗದ ಹಳದಿ ನೂಲಿನಿಂದ ಬಿಗಿದು ಗಂಟು ಹಾಕಿದೆ. ಪರದೆ ಮಾತ್ರ ಕಪ್ಪು. ಒಂದನ್ನು ಸರಿಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು. ಅಣ್ಣ ದಿನಾ ಕೋಲು ಊರಿಕೊಂಡು ಬಂದು ಟಿವಿಯ ಮುಂದೆ ಕೂತು, ಕಪ್ಪು ಪರದೆ ನೋಡಿ ಎದ್ದು ಹೋಗುತ್ತಿದ್ದ. ಸಿಟ್ಟಿಗೆ ಒಮ್ಮೆ ಸೋಲ್ಡರಿಂಗ್ ಐರನ್ನನ್ನೇ ಗೋಡೆಗೆ ಎಸೆದೆ.

ಅಂಥದ್ದೇ ಇನ್ನೊಂದು ಕಂಪ್ಯೂಟರ್ ಗಡಹಿಂಗ್ಲಜದ ಶೇಂಗಾ ವ್ಯಾಪಾರಿಗಳ ಮನೆಯಲ್ಲಿದೆ ಎಂದು ತಿಳಿದು, ಅದನ್ನು ನೋಡಿಯಾದರೂ ನನ್ನ ತಪ್ಪು ಹುಡುಕೋಣವೆಂದು ಹೋದೆ. ಯಜಮಾನರು ಮುಂಬೈಯಿಂದ ತಂದದ್ದನ್ನು ಯಾರೂ ಬಳಸಲೇ ಇಲ್ಲ ಎನ್ನುತ್ತ ಮನೆಯೊಡತಿ ಪದ್ಮಕ್ಕ ಕಪಾಟಿನಿಂದ ಅದನ್ನು ಇಳಿಸಿದರು. ತಿರುಪುಗಳ ಮೇಲೆ ಕಂಪನಿಯ ಸೀಲು ಹಾಗೇ ಇತ್ತು. ಅವರನ್ನು ಕೇಳಿಯೇ ಸೀಲು ಹರಿದು ಬಿಚ್ಚಿದೆ.

ಒಳಗೆ ಹಸಿರು ವೈರು. ಅದಕ್ಕೆ ಹಳದಿ ನೂಲು, ನಾನು ಹಾಕುವಂಥದೇ ಗಂಟು.

ಪದ್ಮಕ್ಕನೂ ಬಗ್ಗಿ ನೋಡಿದರು. "ಹೊಸಾದ್ರಾಗ ನೂಲ ಯಾಕ ಕಟ್ಟ್ಯಾರ್ರೀ?"

"ಇದನ್ನ ಮೊದಲ ಯಾರರ ಬಿಚ್ಚಿದ್ರೇನ್ರೀ?" ಎಂದೆ.

"ಸೀಲ ಈಗ ನೀವ ಹರದ್ರಲ್ಲಾ," ಎಂದರು.

ಒಂದೇ ವ್ಯತ್ಯಾಸ. ಅಲ್ಲಿ ವೈರಿನ ತುದಿಯನ್ನು ನಾನು ಬೆಸೆದ ಕಾಲಿಗಲ್ಲ, ಅದೇ ಚಿಪ್ಪಿನ ಪಕ್ಕದ ಕಾಲಿಗೆ ಬೆಸೆಯಲಾಗಿತ್ತು. ಫೋಟೊ ತೆಗೆಯುವುದೂ ಹೊಳೆಯದೆ, ಮುಚ್ಚಿಟ್ಟು ಬಸ್ಸು ಹತ್ತಿದೆ. ಮನೆಗೆ ಬಂದು ಆ ತುದಿಯನ್ನು ಪಕ್ಕದ ಕಾಲಿಗೆ ಬದಲಿಸಿ ಬೆಸೆದೆ. ಪರದೆ ಬೆಳಗಿತು. ಅಣ್ಣ ಎಡಗೈಯಿಂದ ತನ್ನ ಹೆಸರು ಒತ್ತಿ, ನನ್ನ ಕಡೆ ತಿರುಗಿ ನಕ್ಕ.

ಆ ನಗು ಕಂಡು ಹಿಗ್ಗಬೇಕಾದವನು ನಾನು. ಆದರೆ ಕಾರಣ ಸಿಗದೆ ಇಂದಿಗೂ ಒಳಗೇ ಕುದಿಯುತ್ತೇನೆ. ಮೊನ್ನೆ ಪದ್ಮಕ್ಕ ಫೋನ್ ಮಾಡಿದ್ದರು. "ನಿಮ್ಮದು ಚಾಲೂ ಆತಂತಲ್ರೀ. ನಮ್ಮದೂ ಒಮ್ಮಿ ಹಚ್ಚಿ ನೋಡೂಣು, ಬರ್ರಿ."

ಬರುತ್ತೇನೆ ಎಂದಿದ್ದೇನೆ. ಆ ಗಂಟು ಅಲ್ಲೇ ಇದ್ದರೂ, ಇಲ್ಲದಿದ್ದರೂ ನನ್ನ ಬಳಿ ಕಾರಣವಿಲ್ಲ. ಗಡಹಿಂಗ್ಲಜದ ಬಸ್ಸು ನಮ್ಮ ಓಣಿಯ ತುದಿಯಲ್ಲೇ ನಿಲ್ಲುತ್ತದೆ. ಇನ್ನೂ ಹತ್ತಿಲ್ಲ.